ಮುಖಪುಟದ ಚಿತ್ರ ಎಐ ಕೊಟ್ಟರೆ ಪೆನ್ಸಿಲ್ ಯಾಕೆ?

ಪ್ರಶ್ನೆ: ಬಿವಿಎ (ದೃಶ್ಯಕಲಾ ಪದವಿ) ಎರಡನೇ ವರ್ಷ ಓದುತ್ತಿದ್ದೇನೆ. ಪುಸ್ತಕಗಳಿಗೆ ಮುಖಪುಟ ಮಾಡುವ ಆಸೆ. ಎಐ ಕ್ಷಣದಲ್ಲಿ ಚಿತ್ರ ಕೊಡುವಾಗ ನಾನು ಡ್ರಾಯಿಂಗ್ ಕಲಿಯುತ್ತ ಕೂರಬೇಕೆ? ಪೋರ್ಟ್‌ಫೋಲಿಯೊದಲ್ಲಿ (ನನ್ನ ಕೆಲಸದ ಮಾದರಿಗಳ ಸಂಗ್ರಹ) ಎಐ ಚಿತ್ರ ಇಡಬಹುದೆ? (ಓದುಗರೊಬ್ಬರು, ಮೈಸೂರು)

ಉತ್ತರ: ಮೊದಲು ‘ಸ್ತ್ರೀ’, ‘ವರ್ಷ’ ಎಂಬ ಪದಗಳಿರುವ ಮುಖಪುಟವನ್ನು ಎಐಗೆ ಕೇಳಿ ನೋಡಿ. ಒತ್ತಕ್ಷರ ಕಲಸಿಹೋಗಬಹುದು, ಅರ್ಕಾವತ್ತು ಮಾಯವಾಗಬಹುದು. ಅದು ಕಾಗುಣಿತ ತಿಳಿದು ಬರೆಯುವುದಿಲ್ಲ. ತಾನು ನೋಡಿದ ಚಿತ್ರಗಳಲ್ಲಿನ ಅಕ್ಷರದ ಆಕಾರವನ್ನು ಊಹಿಸಿ ಗೀಚುತ್ತದೆ, ಕನ್ನಡ ಅಕ್ಷರಗಳಿರುವ ಚಿತ್ರಗಳನ್ನು ಅದು ನೋಡಿರುವುದೇ ಕಡಿಮೆ. ಆದ್ದರಿಂದ ಶೀರ್ಷಿಕೆಯನ್ನು ನೀವೇ ಟೈಪ್ ಮಾಡಿ ಕೂರಿಸಬೇಕು. ಫೋಟೊಶಾಪ್‌ನಲ್ಲಿ ‘ಸ್ತ್ರೀ’ ಒಡೆದು ಬಿಡಿಬಿಡಿಯಾಗಿ ಕಂಡರೆ ಟೈಪ್ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್ ರೆಡಿ’ ಲೇಔಟ್ ಆರಿಸಿ. ಮುದ್ರಣಕ್ಕೆ ಕಳಿಸುವ ಮುನ್ನ ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಡದ ಆಕಾರಗಳಾಗಿ ಬದಲಿಸಿ. ಪ್ರೆಸ್‌ನವರ ಬಳಿ ಹಳೆಯ ನುಡಿ ಫಾಂಟ್ ಮಾತ್ರ ಇದ್ದರೂ ಆಗ ಅಕ್ಷರ ಕೆಡುವುದಿಲ್ಲ.

ಇನ್ನು ಅಳತೆ. 1024 ಪಿಕ್ಸೆಲ್ ಅಗಲದ ಎಐ ಚಿತ್ರ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಅಚ್ಚಾದರೆ ಸುಮಾರು 8.7 ಸೆಂ.ಮೀ. ಮಾತ್ರ. ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರದ ಪುಸ್ತಕಕ್ಕೆ 1650 × 2550 ಪಿಕ್ಸೆಲ್ ಬೇಕು, ಕತ್ತರಿಸುವ ಅಂಚಿಗೆ ಸುತ್ತಲೂ 3 ಮಿ.ಮೀ. ಬೇರೆ. ಅಪ್‌ಸ್ಕೇಲ್ ಮಾಡಿದರೆ, ಅಂದರೆ ಚಿತ್ರವನ್ನು ಹಿಗ್ಗಿಸಿದರೆ, ಇಲ್ಲದ ವಿವರವನ್ನು ಯಂತ್ರ ಊಹಿಸಿ ತುಂಬುತ್ತದೆ: ಮುಡಿದ ಮಲ್ಲಿಗೆ ದಂಡೆ ಹತ್ತಿಯ ಉಂಡೆಯಂತಾಗುತ್ತದೆ. ಪರದೆಯ ಮೇಲೆ ಮಿನುಗುವ ನೀಲಿ, ಹಸಿರು ಮುದ್ರಣದ ನಾಲ್ಕು ಶಾಯಿಗಳ ಬಣ್ಣಕ್ರಮವಾದ ಸಿಎಂವೈಕೆಗೆ ಬದಲಿಸಿದಾಗ ಮಂಕಾಗುತ್ತವೆ.

ಡ್ರಾಯಿಂಗ್ ಖಂಡಿತ ಕಲಿಯಿರಿ. ಹಸ್ತಪ್ರತಿ ಓದಿ, ಬೆಂಕಿಪೊಟ್ಟಣದ ಗಾತ್ರದಲ್ಲಿ ಹತ್ತು ಚಿಕ್ಕ ಸ್ಕೆಚ್ ಹಾಕಿ, ಮೂರನ್ನು ಆರಿಸಿಕೊಳ್ಳಿ. ಆಮೇಲೆ ಬಣ್ಣ, ಬೆಳಕು ಹೇಗೆ ಕೂರುತ್ತದೆಂದು ನೋಡಲು ಎಐ ಬಳಸಿ. ಈ ಕ್ರಮ ತಿರುಗುಮುರುಗಾಗಬಾರದು. ಮೊದಲೇ ಎಐ ಚಿತ್ರ ನೋಡಿದರೆ ಕಣ್ಣು ಅದಕ್ಕೇ ಅಂಟಿಕೊಂಡು ನಿಮ್ಮ ಯೋಚನೆ ಅಲ್ಲೇ ನಿಲ್ಲುತ್ತದೆ.

ಉದ್ಯೋಗದ ಬಗ್ಗೆ ಸುಳ್ಳು ಸಮಾಧಾನ ಹೇಳಲಾರೆವು. ಹಬ್ಬದ ಶುಭಾಶಯದ ಪೋಸ್ಟರ್‌ನಂಥ ಸಣ್ಣ ಕೆಲಸಗಳಿಗೆ ಈಗಲೇ ಪೆಟ್ಟು ಬೀಳುತ್ತಿದೆ, ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದುದೇ ಅಂಥವುಗಳಲ್ಲಿ. ಆದರೆ ಮಕ್ಕಳ ಪುಸ್ತಕದ 24 ಪುಟಗಳಲ್ಲೂ ಒಂದೇ ಹುಡುಗಿಯ ಮುಖ, ಜಡೆ, ಲಂಗದ ಅಂಚು ಬದಲಾಗದಂತೆ ಉಳಿಸುವುದು ಎಐಗೆ ಇನ್ನೂ ಕಷ್ಟ. ಅದನ್ನು ಕಲಿಯಿರಿ.

ಪೋರ್ಟ್‌ಫೋಲಿಯೊದಲ್ಲಿ ಎಐ ಚಿತ್ರ ಇಡಬಹುದು, ಮುಚ್ಚಿಡಬಾರದು. ಪ್ರತಿ ಕೆಲಸದ ಜೊತೆಗೆ ಸ್ಕೆಚ್, ಕೊಟ್ಟ ಪ್ರಾಂಪ್ಟ್ (ಎಐಗೆ ಬರೆದ ಸೂಚನೆ), ನೀವು ತಿದ್ದಿದ ಲೇಯರ್‌ಗಳನ್ನು (ಚಿತ್ರದ ಬಿಡಿ ಪದರಗಳು) ತೋರಿಸಿ. ಪ್ರಕಾಶಕರಿಗೂ ಎಐ ಬಳಸಿದ್ದನ್ನು ಬರಹದಲ್ಲಿ ತಿಳಿಸಿ, ಹಕ್ಕಿನ ಪ್ರಶ್ನೆ ಇದೆ. ಬರೀ ಪ್ರಾಂಪ್ಟ್ ಕೊಟ್ಟು ಪಡೆದ ಚಿತ್ರಕ್ಕೆ ಕೃತಿಸ್ವಾಮ್ಯ ಸಲ್ಲದು ಎಂದು ಅಮೆರಿಕದ ಕಾಪಿರೈಟ್ ಕಚೇರಿ 2025ರ ಜನವರಿಯಲ್ಲಿ ಹೇಳಿದೆ. ಕಂಪ್ಯೂಟರ್‌ನಿಂದಾದ ಕೃತಿಗೆ ಅದನ್ನು ಮಾಡಿಸಿದವರೇ ಕರ್ತೃ ಎನ್ನುತ್ತದೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ. ಆದರೆ ಆ ಮಾತು ಸೇರಿದ್ದು ಇಂಥ ಎಐ ಬರುವುದಕ್ಕೆ ಬಹಳ ಮೊದಲು, 1994ರ ತಿದ್ದುಪಡಿಯಲ್ಲಿ.

ಇಂಥ ಐದು ಕೆಲಸಗಳಿದ್ದರೆ ಸಾಕು. ಲೇಯರ್ ಇರುವ ಮೂಲ ಫೈಲ್‌ಗಳನ್ನೂ ಸಂದರ್ಶನಕ್ಕೆ ಒಯ್ಯಿರಿ: ‘ಬೆಳಕು ಎಡದಿಂದ ಬರಲಿ, ಹಣೆಯ ಬೊಟ್ಟು ತೆಗೆಯಿರಿ’ ಎಂದರೆ ಅಲ್ಲೇ ಕೂತು ಮಾಡಿ ತೋರಿಸಬಹುದು.