ಹೇಗೆ ತಿಳಿಯಿತು ಎಂಬುದನ್ನೂ ಬರೆಯಿರಿ

ಮಾನ್ಯರೇ,

‘ಕ್ಯಾನ್ಸರಿನ ಮೂಲ ಹುಡುಕಿದವರು’ ಎಂಬ ನಿಮ್ಮ ಲೇಖನ ಸಿಂಧನೂರಿನಿಂದ ಬಂದು ತಲುಪಿದೆ. ಭಾಷೆ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ. ಅಮೆರಿಕದ ವಿಜ್ಞಾನಿಗಳಾದ ಮೈಕೆಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಅವರಂಥವರ ಬಗ್ಗೆ ನಮ್ಮ ಭಾಗದ ಓದುಗರಿಗಾಗಿ ಬರೆಯಬೇಕೆಂದು ನಿಮಗೆ ಅನ್ನಿಸಿದ್ದು ಸಂತೋಷದ ಸಂಗತಿ. ಆದರೆ ಮೂರನೆಯ ಪುಟದ ಎರಡು ವಾಕ್ಯಗಳನ್ನು ದಾಟಿ ಮುಂದೆ ಹೋಗಲು ನನಗೆ ಮನಸ್ಸು ಬರಲಿಲ್ಲ.

ಮೊದಲನೆಯದು: ‘ಹೊರಗಿನಿಂದ ದೇಹವನ್ನು ಹೊಕ್ಕುವ ಕ್ಯಾನ್ಸರ್ ವಂಶವಾಹಿಯನ್ನು ಈ ವಿಜ್ಞಾನಿಗಳು ಪತ್ತೆ ಹಚ್ಚಿದರು.’ ಅವರು ತೋರಿಸಿಕೊಟ್ಟದ್ದು ಇದಕ್ಕೆ ತೀರ ವಿರುದ್ಧವಾದದ್ದನ್ನು. ಕೋಳಿಯ ಗಡ್ಡೆಯನ್ನು ಅರೆದು, ಜೀವಕೋಶಗಳು ಉಳಿಯದಂತೆ ಸೋಸಿದ ರಸವೂ ಮತ್ತೊಂದು ಕೋಳಿಗೆ ಗಡ್ಡೆ ಬರಿಸುತ್ತದೆಂದು ಪೇಟನ್ ರೌಸ್ ಎಂಬ ಅಮೆರಿಕದ ವಿಜ್ಞಾನಿ 1911ರಲ್ಲಿ ವರದಿ ಮಾಡಿದ್ದರು. ಆ ರಸದಲ್ಲಿದ್ದ ವೈರಸ್ಸಿನ ‘ಸಾರ್ಕ್’ ಎಂಬ ವಂಶವಾಹಿಯೇ ಅದಕ್ಕೆ ಕಾರಣವೆಂದು ಬಹಳ ಕಾಲದ ಮೇಲೆ ತಿಳಿಯಿತು. ಅದು ವೈರಸ್ಸಿಗೆ ಎಲ್ಲಿಂದ ಬಂತು ಎಂಬುದು ಬಿಷಪ್ ಮತ್ತು ವಾರ್ಮಸ್ ಅವರ ಪ್ರಶ್ನೆಯಾಗಿತ್ತು. ಕೋಳಿಯಿಂದಲೇ ಬಂತು ಎಂಬ ಉತ್ತರ 1976ರಲ್ಲಿ ಪ್ರಕಟವಾಯಿತು. ಆರೋಗ್ಯವಂತ ಜೀವಕೋಶದಲ್ಲಿ ಮೊದಲಿನಿಂದಲೂ ಇದ್ದ ವಂಶವಾಹಿಯನ್ನೇ ವೈರಸ್ಸು ಎತ್ತಿಕೊಂಡಿತ್ತು. ಕ್ಯಾನ್ಸರ್ ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡುವ ಮನೆಗಳು ನಮ್ಮಲ್ಲಿ ಇಂದಿಗೂ ಇರುವಾಗ, ‘ಹೊರಗಿನಿಂದ ಹೊಕ್ಕುವ’ ಎಂದು ಬರೆದರೆ ಆ ಭಯಕ್ಕೆ ವಿಜ್ಞಾನದ ಮುದ್ರೆ ಒತ್ತಿದಂತಾಗುತ್ತದೆ. ನನಗೆ ಸಿಟ್ಟು ಬಂದದ್ದು ಇದಕ್ಕೇ.

ಎರಡನೆಯದು: ‘ಹಲವು ವರ್ಷಗಳ ಅವಿರತ ಪರಿಶ್ರಮದ ಫಲವಾಗಿ ಈ ಸತ್ಯ ಬೆಳಕಿಗೆ ಬಂತು.’ ಪರಿಶ್ರಮ ಸರಿ, ಆದರೆ ಅವರು ಮಾಡಿದ್ದೇನು? ಸಾರ್ಕ್ ಕಳೆದುಕೊಂಡು, ಗಡ್ಡೆ ಬರಿಸುವ ಶಕ್ತಿಯೂ ಇಲ್ಲದಾಗಿದ್ದ ವೈರಸ್ ತಳಿಯೊಂದು ಅವರ ಬಳಿ ಇತ್ತು. ಪೂರ್ಣ ವೈರಸ್ಸಿನಿಂದ ವಿಕಿರಣದ ಗುರುತು ಹಾಕಿದ ಡಿಎನ್‌ಎ ಪ್ರತಿ ತಯಾರಿಸಿ, ಅದನ್ನು ಈ ತಳಿಯ ಆರ್‌ಎನ್‌ಎಯೊಂದಿಗೆ (ಈ ವೈರಸ್ಸಿನ ವಂಶವಾಹಿಗಳಿರುವ ಅಣು) ಬೆರೆಸಿ, ಪರಸ್ಪರ ಹೊಂದಿ ಜೋಡಿಯಾದದ್ದನ್ನೆಲ್ಲ ತೆಗೆದುಹಾಕಿದಾಗ ಉಳಿದದ್ದು ಸಾರ್ಕ್‌ನ ತುಣುಕು ಮಾತ್ರ. ಅದನ್ನು ಆರೋಗ್ಯವಂತ ಕೋಳಿಯ ಡಿಎನ್‌ಎಗೆ ಬೆರೆಸಿ ನೋಡಿದರು, ಕೂಡಿಕೊಂಡಿತು. ಕ್ವೇಲ್, ಟರ್ಕಿ ಕೋಳಿ, ಬಾತುಕೋಳಿ, ಕೊನೆಗೆ ಎಮು ಪಕ್ಷಿಯ ಡಿಎನ್‌ಎಗೂ ಕೂಡಿಕೊಂಡಿತು. ಸಂಬಂಧ ದೂರವಾದಷ್ಟೂ ಹೊಂದಿಕೆ ಸಡಿಲವಾಯಿತೇ ಹೊರತು ಇಲ್ಲವಾಗಲಿಲ್ಲ. ಇಷ್ಟು ದೂರದ ಪಕ್ಷಿಗಳಲ್ಲೂ ಉಳಿದುಬಂದಿದೆ ಎಂದ ಮೇಲೆ ಅದು ಜೀವಕ್ಕೆ ಬೇಕಾದ ವಂಶವಾಹಿಯೇ ಇರಬೇಕೆಂಬ ತರ್ಕವನ್ನು ನಿಮ್ಮ ಓದುಗ ಸ್ವತಃ ಹಿಡಿಯಬಲ್ಲ. ನೀವು ಅವನಿಗೆ ಆ ಅವಕಾಶವನ್ನೇ ಕೊಟ್ಟಿಲ್ಲ. ಆ ಪ್ರಯೋಗದಲ್ಲಿ ಕೈಯಾರೆ ದುಡಿದ ಡೊಮಿನಿಕ್ ಸ್ಟೆಹೆಲಿನ್ ಅವರ ಹೆಸರೂ ನಿಮ್ಮಲ್ಲಿಲ್ಲ. 1989ರ ನೊಬೆಲ್ ಇಬ್ಬರಿಗೇ ಸಂದಿತೆಂಬುದು ಅವರನ್ನು ಬಿಡಲು ಕಾರಣವಾಗಬಾರದು.

ನಾನು ಕೆಲಸ ಕಲಿತದ್ದು ಬಳ್ಳಾರಿಯ ಒಂದು ದಿನಪತ್ರಿಕೆಯಲ್ಲಿ. ‘ಕಾಲುವೆಯ ಕೊನೆ ಭಾಗಕ್ಕೆ ನೀರು ತಲುಪಿದೆ’ ಎಂಬ ಸುದ್ದಿ ಬಂದರೆ, ಯಾರು ಅಳೆದರು, ಯಾವ ಗೇಟಿನ ಬಳಿ, ಎಷ್ಟು ಅಡಿ ಎಂದು ವಿಚಾರಿಸದೆ ಅಲ್ಲಿನ ಹಿರಿಯ ಉಪಸಂಪಾದಕರು ಅಚ್ಚಿಗೆ ಬಿಡುತ್ತಿರಲಿಲ್ಲ. ಹೊಸಬರಾದ ನಮ್ಮನ್ನು ಬಸ್ಸು ಹತ್ತಿಸಿ ಕಳುಹಿಸುತ್ತಿದ್ದರು. ಕಾಲುವೆಯ ಏರಿ ಇಳಿದು, ಗೇಜಿನ ಮೇಲಿನ ಪಾಚಿ ಒರೆಸಿ, ಅಂಕಿ ಓದಿ ಬರೆದುಕೊಂಡು ಬರಬೇಕಿತ್ತು. ಅಂಕಿ ಹೇಗೆ ಸಿಕ್ಕಿತೆಂಬುದೂ ಸುದ್ದಿಯೊಳಗೇ ಇರಬೇಕೆಂದು ಅವರು ಪಟ್ಟು ಹಿಡಿಯುತ್ತಿದ್ದರು. ಪ್ರಯೋಗಾಲಯದ ಬಗ್ಗೆ ಬರೆಯುವವರಿಂದಲೂ ನಾನು ಅಪೇಕ್ಷಿಸುವುದು ಅಷ್ಟನ್ನೇ.

ಮೂರನೆಯ ಪುಟವನ್ನು ಹೊಸದಾಗಿ ಬರೆದು ಕಳುಹಿಸಿ. ಜಾಗ ಸಾಲದಿದ್ದರೆ ಬಿಷಪ್ ಅವರ ಬಾಲ್ಯದ ಭಾಗವನ್ನು ಕೈಬಿಡೋಣ. ಎಮು ಪಕ್ಷಿಯವರೆಗಿನ ಪ್ರಯೋಗ ಮಾತ್ರ ಪೂರ್ತಿ ಬರಲಿ.