ಪೊರೆ ಆಪರೇಷನ್ ಆಯ್ತು, ಪಾಪೆ ಮಾತ್ರ ಕುಗ್ಗುತ್ತಿಲ್ಲ

ಪ್ರಶ್ನೆ: ನನಗೆ 61 ವರ್ಷ. ಮೂರು ತಿಂಗಳ ಹಿಂದೆ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ದೃಷ್ಟಿ ಚೆನ್ನಾಗಿದೆ. ಆದರೆ ಆ ಕಣ್ಣಿನ ಪಾಪೆ ಇನ್ನೂ ದೊಡ್ಡದಾಗಿಯೇ ಇದೆ. ಬಿಸಿಲಲ್ಲಿ ಕಣ್ಣು ಬಿಡಲು ಆಗುವುದಿಲ್ಲ, ರಾತ್ರಿ ದೀಪದ ಸುತ್ತ ಬಳೆಯಂಥ ಬೆಳಕು ಕಾಣುತ್ತದೆ. ಆಪರೇಷನ್ ದಿನ ಹಾಕಿದ ಡ್ರಾಪ್ಸ್ ಪರಿಣಾಮ ಇನ್ನೂ ಇಳಿದಿಲ್ಲವೇ?

ಉತ್ತರ: ಆ ದಿನದ ಡ್ರಾಪ್ಸ್ ಇಷ್ಟು ದಿನ ಕೆಲಸ ಮಾಡುವುದಿಲ್ಲ. ಪಾಪೆ ಹಿಗ್ಗಿಸುವ ಸಾಮಾನ್ಯ ಔಷಧಿಗಳು ಒಂದೆರಡು ದಿನದಲ್ಲಿ ಇಳಿಯುತ್ತವೆ. ಅಟ್ರೋಪಿನ್ ಕೂಡ ಹೆಚ್ಚೆಂದರೆ ಎರಡು ವಾರ. ಈಗಲೂ ಯಾವುದಾದರೂ ಡ್ರಾಪ್ಸ್ ಹಾಕುತ್ತಿದ್ದರೆ ಆ ಬಾಟಲಿಯನ್ನು ವೈದ್ಯರಿಗೆ ತೋರಿಸಿ.

ಪಾಪೆಯ ಸುತ್ತ ಉಂಗುರದಂಥ ಒಂದು ಸ್ನಾಯು ಇದೆ. ಬೆಳಕು ಬಿದ್ದಾಗ ಅದು ಬಿಗಿಯಾಗಿ ಪಾಪೆಯನ್ನು 2ರಿಂದ 4 ಮಿಲಿಮೀಟರಿಗೆ ಇಳಿಸುತ್ತದೆ. ನಿಮ್ಮಲ್ಲಿ ಆ ಸ್ನಾಯು ಸೋತಿರಬಹುದು. ಆಪರೇಷನ್ ವೇಳೆ ಚಿಕ್ಕ ಪಾಪೆಯನ್ನು ಎಳೆದು ಹಿಗ್ಗಿಸಿದ್ದರೆ ಅದು ಹರಿದಿರುವುದುಂಟು.

ಇನ್ನೊಂದು ಕಾರಣ ಅಪರೂಪದ್ದು, ಉರೆಟ್ಸ್-ಸವಾಲಿಯಾ ಸಿಂಡ್ರೋಮ್, ಅಂದರೆ ಆಪರೇಷನ್ ನಂತರ ಪಾಪೆ ಹಿಗ್ಗಿದಂತೆಯೇ ಉಳಿಯುವ ತೊಂದರೆ. 1963ರಲ್ಲಿ ಇದನ್ನು ಮೊದಲು ವಿವರಿಸಿದ್ದು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಕಸಿ ಮಾಡಿಸಿಕೊಂಡವರಲ್ಲಿ. ಆಮೇಲೆ ಪೊರೆ ಆಪರೇಷನ್ ನಂತರವೂ ಕಾಣಿಸಿತು. ಆಪರೇಷನ್ ಆದ ಕೆಲವು ಗಂಟೆಗಳಲ್ಲಿ ಕಣ್ಣಿನ ಒತ್ತಡ ತುಂಬಾ ಏರಿದರೆ ಪಾಪೆಯ ಸುತ್ತಲಿನ ಬಣ್ಣದ ಭಾಗವಾದ ಐರಿಸ್‌ಗೆ ರಕ್ತ ಹರಿಯುವುದು ಕಡಿಮೆಯಾಗಿ ಸ್ನಾಯು ಸೊರಗುತ್ತದೆ ಎಂಬುದು ಮುಖ್ಯ ವಿವರಣೆ. ಆಪರೇಷನ್ನಿಗೆ ಬಳಸುವ ಜೆಲ್ ಸ್ವಲ್ಪ ಒಳಗೆ ಉಳಿದರೂ ಒತ್ತಡ ಏರುತ್ತದೆ. ಆ ರಾತ್ರಿ ಕಣ್ಣು, ತಲೆ ಜೋರಾಗಿ ನೋವಾಗಿತ್ತಾ? ವಾಂತಿ ಆಗಿತ್ತಾ? ನೆನಪು ಮಾಡಿಕೊಂಡು ಹೇಳಿ, ಅದು ದೊಡ್ಡ ಸುಳಿವು.

‘ಚೆನ್ನಾಗಿ ಕಾಣ್ತಿದೆಯಲ್ಲ’ ಎಂದು ಸುಮ್ನೆ ಇರಬೇಡಿ. ನನ್ನ ಚಿಂತೆ ಪಾಪೆಗಿಂತ ಜಾಸ್ತಿ ಒತ್ತಡದ್ದು. ಈ ತೊಂದರೆಯ ಜೊತೆ ಗ್ಲಾಕೋಮಾ ಬರಬಹುದು, ಅದು ನೋವಿಲ್ಲದೆಯೇ ಕಣ್ಣಿನ ನರವನ್ನು ಸವೆಸುತ್ತದೆ. ಎರಡೂ ಕಣ್ಣಿನ ಒತ್ತಡ ಅಳೆಸಿ. ಸಾಮಾನ್ಯವಾಗಿ ಅದು 10ರಿಂದ 21 ಎಂಎಂ ಎಚ್‌ಜಿ (ಪಾದರಸದ ಮಿಲಿಮೀಟರ್) ಒಳಗೆ ಇರುತ್ತದೆ. ಐರಿಸ್ ಹರಿದಿದೆಯೋ, ತೆಳುವಾಗಿದೆಯೋ ಎಂದು ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ಗೊತ್ತಾಗುತ್ತದೆ. ಕಣ್ಣಿನ ನರವನ್ನೂ ನೋಡಿಸಿ. ಪಾಪೆ ಕುಗ್ಗಿಸುವ ಪೈಲೋಕಾರ್ಪಿನ್ ಹನಿ ಹಾಕಿದರೂ ಪಾಪೆ ಕುಗ್ಗದಿದ್ದರೆ ತೊಂದರೆ ಸ್ನಾಯುವಿನಲ್ಲೇ ಇದೆ ಎಂಬ ಅನುಮಾನ ಬಲವಾಗುತ್ತದೆ.

ದೀಪದ ಸುತ್ತಲಿನ ಬಳೆ ನಿಮ್ಮ ಭ್ರಮೆಯಲ್ಲ. ಒಳಗೆ ಕೂರಿಸಿದ ಲೆನ್ಸ್‌ನ ನೋಡುವ ಭಾಗ ಸುಮಾರು 6 ಮಿಲಿಮೀಟರ್ ಅಗಲ. ಪಾಪೆ ಅದಕ್ಕಿಂತ ಹಿಗ್ಗಿದಾಗ ಬೆಳಕು ಲೆನ್ಸ್ ಅಂಚಿಗೆ ಬಡಿದು ಚದುರುತ್ತದೆ.

ಸದ್ಯಕ್ಕೆ ಕಪ್ಪು ಕನ್ನಡಕ, ಅಂಚಿರುವ ಟೋಪಿ ಸಾಕು. ಕೆಲವರಲ್ಲಿ ತಿಂಗಳುಗಳ ಮೇಲೆ ಸ್ವಲ್ಪ ಸುಧಾರಿಸುತ್ತದೆ. ಇಲ್ಲದಿದ್ದರೆ ನಡುವೆ ಚಿಕ್ಕ ಕಿಂಡಿಯಿರುವ ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಇದೆ, ಐರಿಸ್‌ಗೆ ಹೊಲಿಗೆ ಹಾಕಿ ಪಾಪೆ ಕಿರಿದು ಮಾಡುವ ಆಪರೇಷನ್ನೂ ಇದೆ. ಹೊಲಿದ ಪಾಪೆ ಬೆಳಕಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದಿಲ್ಲ. ಹಾಗಾಗಿ ಅವಸರ ಬೇಡ.

ರೆಪ್ಪೆ ಜೋತು ಬಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ಜೋರು ತಲೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಆಗ ಮೆದುಳಿನಿಂದ ಬರುವ ನರದ ತೊಂದರೆಯನ್ನೂ ನೋಡಬೇಕಾಗುತ್ತದೆ.

ಎಡಗಣ್ಣಿಗೂ ಆಪರೇಷನ್ ಆಗಬೇಕಿದ್ದರೆ ಇದೆಲ್ಲವನ್ನೂ ಮೊದಲೇ ತಿಳಿಸಿ, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ, ಏಕೆಂದರೆ ಅದು ಪಾಪೆಯ ಮೇಲೂ ಪರಿಣಾಮ ಬೀರುತ್ತದೆ. ಆಪರೇಷನ್ ದಿನ ಸಂಜೆಯೇ ಒತ್ತಡ ಅಳೆಯಿರಿ ಎಂದು ಕೇಳಲು ಸಂಕೋಚ ಬೇಡ.