ಮೆಣಸಿನ ಕಸಿ, ಹೃದಯದ ಕಸಿ

ಪತ್ರ: ನಮ್ಮ ತೋಟದಲ್ಲಿ ಹಿಪ್ಪಲಿ ಬುಡಕ್ಕೆ ಕಾಳುಮೆಣಸು ಕಸಿ ಕಟ್ಟಿದ್ದೇವೆ. ಎರಡೂ ಬೇರೆ ಜಾತಿ, ಆದರೂ ಕೂಡಿಕೊಂಡಿವೆ. ಅಪ್ಪನ ಹೃದಯಕ್ಕೆ ಹಂದಿಯ ವಾಲ್ವ್ ಹಾಕಿ ಆರು ವರ್ಷವಾಯಿತು, ಆರಾಮಾಗಿದ್ದಾರೆ. ಹಾಗಿದ್ದ ಮೇಲೆ ಹಂದಿಯ ಇಡೀ ಹೃದಯವನ್ನು ನಮ್ಮ ಮೈ ಯಾಕೆ ಒಪ್ಪುವುದಿಲ್ಲ? ಅಪ್ಪನ ವಾಲ್ವ್‌ಗೂ ಮುಂದೆ ಅದೇ ಗತಿಯಾ? ಹೆದರಿಕೆಯಾಗುತ್ತಿದೆ.
— ಓದುಗರೊಬ್ಬರು, ಮೂಡಿಗೆರೆ

ಸಂಪಾದಕರ ಉತ್ತರ:

ಮೊದಲು ಹೆದರಿಕೆಯ ಮಾತು. ಅಪ್ಪನ ವಾಲ್ವ್‌ಗೆ ಆ ಗತಿ ಬರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಹಿಪ್ಪಲಿ, ಮೆಣಸು ಹತ್ತಿರದ ನೆಂಟರು. ಸೊರಗು ರೋಗ ತಡೆದುಕೊಳ್ಳುವ ಬೇರು ಒಂದರದು, ಕಾಳು ಇನ್ನೊಂದರದು. ಗಿಡಕ್ಕೆ ರಕ್ತವಿಲ್ಲ. ರಕ್ತದ ಜೊತೆ ಮೈಯೆಲ್ಲ ಸುತ್ತುತ್ತಾ ಹೊರಗಿನವರನ್ನು ಹುಡುಕುವ ಕಾವಲುಗಾರರೂ ಇಲ್ಲ. ನೀರು, ಆಹಾರ ಹರಿಯುವ ನಾಳಗಳು ಕೂಡಿಕೊಂಡರೆ ಬಳ್ಳಿ ಚಿಗುರುತ್ತದೆ. ನಮ್ಮ ಮೈಯಲ್ಲಿ ಕಾವಲು ಬಹಳ ಬಿಗಿ.

ಹಂದಿಯ ಜೀವಕೋಶಗಳ ಮೇಲೆ ಆಲ್ಫಾ-ಗಾಲ್ ಎಂಬ ಒಂದು ಬಗೆಯ ಸಕ್ಕರೆ ಅಂಟಿಕೊಂಡಿರುತ್ತದೆ. ದನದಲ್ಲೂ ಇದೆ, ನಾಯಿಯಲ್ಲೂ ಇದೆ. ನಮ್ಮಲ್ಲಿಲ್ಲ. ನಿಮ್ಮ ತೋಟಕ್ಕೆ ನುಗ್ಗುವ ಮಂಗಗಳಲ್ಲೂ ಇಲ್ಲ. ಆದರೆ ನಮ್ಮ ಕರುಳಿನ ಕೆಲವು ಬ್ಯಾಕ್ಟೀರಿಯಾಗಳ ಮೇಲೆ ಇದೇ ಸಕ್ಕರೆ ಇದೆ. ಅವುಗಳನ್ನು ನೋಡಿ ನೋಡಿ ನಮ್ಮ ರಕ್ತ ಎಳವೆಯಲ್ಲೇ ಇದರ ವಿರುದ್ಧ ಪ್ರತಿಕಾಯ (ಹೊರಗಿನದನ್ನು ಗುರುತಿಸಿ ಕಚ್ಚಿಕೊಳ್ಳುವ ಪ್ರೋಟೀನು) ತಯಾರಿಸಿ ಇಟ್ಟುಕೊಂಡಿರುತ್ತದೆ. ರಕ್ತದಲ್ಲಿರುವ ಪ್ರತಿಕಾಯಗಳಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಇದಕ್ಕೇ ಮೀಸಲು. ಹಂದಿಯನ್ನು ಮುಟ್ಟದವರಲ್ಲೂ ಇರುತ್ತದೆ. ಓ ಗುಂಪಿನವರಿಗೆ ತಪ್ಪಿ ಎ ಗುಂಪಿನ ರಕ್ತ ಕೊಟ್ಟರೆ ಆಗುವ ಅನಾಹುತ ಗೊತ್ತಲ್ವಾ, ಇದೂ ಅದೇ ಜಾತಿಯದು.

ಮಾಮೂಲಿ ಹಂದಿಯ ಹೃದಯ ಹೊಲಿದು ರಕ್ತ ಬಿಟ್ಟರೆ ಅದು ಕೆಂಪೇರಿ ಬಡಿಯಲು ಶುರುಮಾಡುತ್ತದೆ. ಕೆಲವು ನಿಮಿಷ, ಹೆಚ್ಚೆಂದರೆ ಕೆಲವು ಗಂಟೆ. ಆಮೇಲೆ ಊದಿ, ಕಪ್ಪಾಗಿ, ನಿಂತುಬಿಡುತ್ತದೆ. ಮೊದಲ ಏಟು ಬೀಳುವುದು ಹೃದಯದ ಮಾಂಸಕ್ಕಲ್ಲ, ಅದರ ರಕ್ತನಾಳಗಳ ಒಳಪದರಕ್ಕೆ. ರಕ್ತ ತಾಗುವುದೇ ಅಲ್ಲಿ, ಸಕ್ಕರೆ ಜಾಸ್ತಿ ಇರುವುದೂ ಅಲ್ಲೇ. ಪ್ರತಿಕಾಯಗಳು ಕಚ್ಚಿಕೊಳ್ಳುತ್ತವೆ. ಹಿಂದೆಯೇ ರಕ್ತದ ಬೇರೆ ಪ್ರೋಟೀನುಗಳು ಬಂದು ಒಳಪದರವನ್ನು ತೂತು ಮಾಡುತ್ತವೆ. ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಊರಿಗೆಲ್ಲ ರಕ್ತ ಹಂಚಬೇಕಾದ ಹೃದಯಕ್ಕೇ ರಕ್ತ ಸಿಗುವುದಿಲ್ಲ.

ಹಾಗಂತ ದಾರಿ ಮುಚ್ಚಿಲ್ಲ. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಡೇವಿಡ್ ಬೆನೆಟ್ ಎಂಬ 57 ವರ್ಷದವರಿಗೆ, ಜೀನ್ ತಿದ್ದಿದ ಹಂದಿಯ ಹೃದಯ ಹಾಕಿದರು. ಆ ಹಂದಿಯಲ್ಲಿ ಇಂಥ ಸಕ್ಕರೆ ತಯಾರಿಸುವ 3 ಜೀನ್‌ಗಳನ್ನೂ, ಹೃದಯ ವಿಪರೀತ ಬೆಳೆಯದಿರಲೆಂದು ಇನ್ನೊಂದನ್ನೂ ನಿಲ್ಲಿಸಿ, ಮನುಷ್ಯರ 6 ಜೀನ್ ಸೇರಿಸಿದ್ದರು. ಹೃದಯ ನಿಮಿಷಗಳಲ್ಲಿ ಕಪ್ಪಾಗಲಿಲ್ಲ. ವಾರಗಟ್ಟಲೆ ಬಡಿಯಿತು. ಆದರೂ ಎರಡು ತಿಂಗಳಿಗೆ ಅವರು ತೀರಿಕೊಂಡರು. ಹೃದಯದೊಳಗೆ ಹಂದಿಯ ಒಂದು ವೈರಸ್ ಅಡಗಿ ಬಂದಿತ್ತು ಎಂದು ಆಮೇಲೆ ತಿಳಿಯಿತು. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಪ್ರಾಣಿಗಳ ವೈರಸ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಆ ಕುಟುಂಬದ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ.

ನಮ್ಮ ದೇಶದಲ್ಲೂ 1997ರಲ್ಲಿ ಗುವಾಹಟಿಯಲ್ಲಿ ಧನಿರಾಮ್ ಬರುವಾ ಎಂಬ ಡಾಕ್ಟರು ಹಂದಿಯ ಹೃದಯ ಹಾಕಿದ್ದರು. ರೋಗಿ ಬದುಕಿದ್ದು ಏಳು ದಿನ. ಡಾಕ್ಟರು ಜೈಲಿಗೆ ಹೋದರು. ಇವತ್ತಿಗೂ ನಮ್ಮಲ್ಲಿ ಹೃದಯ ಕಸಿ ಬೇಕಾದವರಿಗೆ ಇರುವ ದಾರಿ ಮನುಷ್ಯರ ದಾನ ಒಂದೇ. ಕರ್ನಾಟಕದಲ್ಲಿ ಅದನ್ನು ನೋಡಿಕೊಳ್ಳುವುದು 'ಜೀವಸಾರ್ಥಕತೆ' ಎಂಬ ಸಂಸ್ಥೆ. ನಿಮ್ಮ ಮನೆಯಲ್ಲೂ ಈ ಮಾತು ಒಮ್ಮೆ ಬರಲಿ.

ಈಗ ಅಪ್ಪನ ವಾಲ್ವ್. ಅದು ಹಂದಿಯದೇ, ಆದರೆ ಜೀವವಿಲ್ಲದ್ದು. ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ನೆನೆಸಿ, ತೊಗಲು ಹದ ಮಾಡಿದ ಹಾಗೆ ಹದ ಮಾಡಿರುತ್ತಾರೆ. ಹೃದಯದ ಹಾಗೆ ಅದಕ್ಕೆ ರಕ್ತ ಹರಿಸುವ ನಾಳಗಳೂ ಬೇಕಿಲ್ಲ. ಸುಮ್ನೆ ಬಾಗಿಲಿನ ಹಾಗೆ ತೆರೆದು ಮುಚ್ಚಿದರೆ ಸಾಕು. ಹಾಗಾಗಿ ಅದು ರಾತ್ರೋರಾತ್ರಿ ಕಪ್ಪಾಗಿ ನಿಲ್ಲುವುದಿಲ್ಲ. ಆದರೆ ಸವೆಯುತ್ತದೆ. ನಿಧಾನಕ್ಕೆ ಕ್ಯಾಲ್ಸಿಯಂ ಕೂತು ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ 10ರಿಂದ 15 ವರ್ಷ ಬಾಳಿಕೆ. ವರ್ಷಕ್ಕೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಏರು ಹತ್ತುವಾಗ ಮೊದಲಿಗಿಂತ ಜಾಸ್ತಿ ಏದುಸಿರು ಬಂದರೆ, ಕಾಲು ಊದಿದರೆ, ಕಾಫಿ ಕೊಯ್ಲು ಮುಗಿಯಲಿ ಅಂತ ಕಾಯಬೇಡಿ. ಬಿಡದ ಜ್ವರವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹಲ್ಲು ಕೀಳಿಸುವುದಿದ್ದರೆ, ಅಪ್ಪನಿಗೆ ವಾಲ್ವ್ ಹಾಕಿದೆ ಎಂದು ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ.